ಪದ ಬೇಕು: 'ರೇಶಿಯಲ್ ವೆಲ್ತ್ ಗ್ಯಾಪ್' (ತುರ್ತು, ನಾಳೆ ಪುಟ ಅಚ್ಚಿಗೆ)

ಅನುವಾದಕಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಒಂದು ಮಾಸಪತ್ರಿಕೆಗೆ ಲೇಖನ ಅನುವಾದ ಮಾಡುತ್ತಿದ್ದೇನೆ. ಲೇಖನವೆಲ್ಲ ಮುಗಿದಿದೆ, ತಲೆಬರಹ ಕೈಕೊಟ್ಟಿದೆ. ಅದರಲ್ಲಿರುವ 'ರೇಶಿಯಲ್ ವೆಲ್ತ್ ಗ್ಯಾಪ್' ಅಂದರೆ ಬಿಳಿಯರ ಹತ್ತಿರ ಇರುವುದಕ್ಕೂ ಕಪ್ಪು ಜನರ ಹತ್ತಿರ ಇರುವುದಕ್ಕೂ ನಡುವಿನ ಅಂತರ. ವಿಷಯ ಅಮೆರಿಕದ ಬಾಸ್ಟನ್ ನಗರದ ರಾಕ್ಸ್‌ಬರಿ ಬಡಾವಣೆಯದು. 1984ರಲ್ಲಿ ಅಲ್ಲಿ ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಶಿಯೇಟಿವ್ ಅನ್ನುವ ಸಂಘ ಶುರುವಾಯಿತು. ಆಗ ಸುಮಾರು 1,300 ಸೈಟು ಖಾಲಿ ಬಿದ್ದಿದ್ದವು. ಎಷ್ಟೋ ಮನೆಗಳು ಬೆಂಕಿಗೆ ಹೋಗಿದ್ದವು, ವಿಮೆ ಹಣಕ್ಕೆ ಮಾಲೀಕರೇ ಹಚ್ಚಿಸಿದ್ದೂ ಉಂಟು. ಆ ಖಾಲಿ ಜಾಗಕ್ಕೆ ಹೊರಗಿನವರು ಲಾರಿಗಟ್ಟಲೆ ಕಸ ತಂದು ಸುರಿಯುತ್ತಿದ್ದರು, ಹಳೆ ಫ್ರಿಜ್ಜು, ಕೆಟ್ಟ ಕಾರು, ಕೊಳೆತ ಮಾಂಸ ಎಲ್ಲ. 1988ರಲ್ಲಿ ನಗರಾಡಳಿತ ಖಾಸಗಿ ಖಾಲಿ ಜಾಗವನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನೇ ಈ ಸಂಘದ ಕೈಗೆ ಕೊಟ್ಟಿತು. ಈಗ ನೆಲ ಒಂದು ಲ್ಯಾಂಡ್ ಟ್ರಸ್ಟಿನದು, ಅಂದರೆ ನೆಲವನ್ನು ಮಾರದೆ ಎಲ್ಲರ ಪರವಾಗಿ ಇಟ್ಟುಕೊಳ್ಳುವ ಸಂಸ್ಥೆಯದು, ಅದರ ಮೇಲಿನ ಮನೆ ಕುಟುಂಬದ್ದು.

ನಾನು ಹಾಕಿರುವ ತಲೆಬರಹ: "ಸಮುದಾಯ ನೇತೃತ್ವದ ಪುನರಾಭಿವೃದ್ಧಿ ಮೂಲಕ ಜನಾಂಗೀಯ ಸಂಪತ್ತಿನ ಅಂತರ ಮುಚ್ಚುವಿಕೆ". ಓದಿದರೆ ಸರ್ಕಾರಿ ಸುತ್ತೋಲೆ ಥರ ಇದೆ. ಇವತ್ತು ರಾತ್ರಿಯೊಳಗೆ ಯಾರಾದರೂ ದಾರಿ ತೋರಿಸಿ.

ಶಿವಮೊಗ್ಗ ಮೇಷ್ಟ್ರು ಬರೆದದ್ದು:

ಪುನರ್, ಅಭಿವೃದ್ಧಿ, ಸೇರಿದರೆ ಪುನರಭಿವೃದ್ಧಿ. 'ರಾ' ಎಲ್ಲಿಂದ ಬಂತು? ಪುನರಾರಂಭ ಸರಿ ಇದೆ ಅಂತ ಕಂಡಕಂಡಲ್ಲೆಲ್ಲ ದೀರ್ಘ ಎಳೆಯುವುದು ಈಗ ಪತ್ರಿಕೆಗಳಿಗೆ ಚಟವಾಗಿದೆ. ಇನ್ನು 'ಅಂತರ ಮುಚ್ಚುವಿಕೆ'. ಬಾಗಿಲು ಮುಚ್ಚಬಹುದು, ಬಾಯಿ ಮುಚ್ಚಬಹುದು. ಅಂತರ ತಗ್ಗುತ್ತದೆ.

ಅಚ್ಚಗನ್ನಡ ಬರೆದದ್ದು:

ಸಂದಿ ಸರಿಮಾಡಿದರೆ ಸಂಸ್ಕೃತದ ಮೂಟೆ ಹಗುರ ಆಗುತ್ತದೆಯೇ? 'ಊರವರೇ ಮಾಡಿಕೊಂಡ ಮರುಏಳಿಗೆ' ಅನ್ನಿ. 'ಜನಾಂಗೀಯ ಸಂಪತ್ತಿನ ಅಂತರ'ಕ್ಕೆ 'ಮಯ್ಬಣ್ಣದ ಸಿರಿತೆರಪು'. ಲ್ಯಾಂಡ್ ಟ್ರಸ್ಟಿಗೆ 'ನೆಲಕಾಪು'. ಮೂರೂ ನಮ್ಮದೇ ಪದಗಳು.

ಶಿವಮೊಗ್ಗ ಮೇಷ್ಟ್ರು ಬರೆದದ್ದು:

ಸಿರಿ 'ಶ್ರೀ'ಯ ತದ್ಭವ. ಬಣ್ಣ 'ವರ್ಣ'ದ ತದ್ಭವ. ನಿಮ್ಮ ಅಚ್ಚಗನ್ನಡದಲ್ಲಿ ಉಳಿದಿದ್ದು ಮೈ ಮತ್ತು ತೆರಪು. ನೆಲಕಾಪು ಅಂದರೆ ಲಾಠಿ ಹಿಡಿದ ಕಾವಲುಗಾರ ಕಣ್ಣಿಗೆ ಬರುತ್ತಾನೆ.

ಬಾಸ್ಟನ್ ಹತ್ತಿರದವನು ಬರೆದದ್ದು:

ಜಗಳ ಆಮೇಲೆ ಮಾಡಿ, ಮೊದಲು ಅರ್ಥ ನೋಡೋಣ. ಇಲ್ಲಿ 'ವೆಲ್ತ್' ಅಂದರೆ ಶ್ರೀಮಂತಿಕೆ ಅಲ್ಲ, ಸಂಬಳವೂ ಅಲ್ಲ. ಮನೆ, ಬ್ಯಾಂಕಿನ ಹಣ, ಕಾರು ಎಲ್ಲ ಕೂಡಿಸಿ ಅದರಲ್ಲಿ ಸಾಲ ಕಳೆದರೆ ಉಳಿಯುತ್ತದಲ್ಲ, ಅದು. ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕ್ 2015ರಲ್ಲಿ ಒಂದು ವರದಿ ತಂದಿತು. ಬಾಸ್ಟನ್ ಮಹಾನಗರದ ಬಿಳಿಯ ಕುಟುಂಬಗಳನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಕುಟುಂಬದ ಹತ್ತಿರ 2,47,500 ಡಾಲರ್. ಅಮೆರಿಕದಲ್ಲೇ ಹುಟ್ಟಿಬೆಳೆದ ಕಪ್ಪು ಜನರ ಸಾಲಿನಲ್ಲಿ ನಟ್ಟನಡುವೆ ಇರುವವರ ಹತ್ತಿರ 8 ಡಾಲರ್. ಸಾವಿರ ಬಿಟ್ಟುಹೋಗಿಲ್ಲ, ಬರೀ ಎಂಟು. 'ಸಂಪತ್ತು' ಅಂತ ಬರೆದರೆ ಓದುಗರಿಗೆ ಕೊಪ್ಪರಿಗೆ ಹೊನ್ನು ನೆನಪಾಗುತ್ತದೆ. 'ಆಸ್ತಿ' ಅನ್ನಿ ಸಾಕು. ಅಜ್ಜ ಮನೆ ಬಿಟ್ಟುಹೋದ, ಮೊಮ್ಮಗ ಅದರ ಮೇಲೆ ಸಾಲ ತೆಗೆದು ಓದಿದ, ಇಲ್ಲಿಯ ಕಥೆ ಇಷ್ಟೇ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೇ ನಗರಗಳ ನಕ್ಷೆ ಮಾಡಿ, ಕಪ್ಪು ಜನ ಇದ್ದ ಕಡೆಗೆಲ್ಲ ಕೆಂಪು ಬಳಿದು, ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಗುರುತು ಹಾಕಿತು. ಸಾಲ ಸಿಗದೆ ಮನೆ ಇಲ್ಲ, ಮನೆ ಇಲ್ಲದೆ ಮೊಮ್ಮಕ್ಕಳಿಗೆ ಆಸ್ತಿ ಇಲ್ಲ.

ಇನ್ನೊಂದು. 'ನೇತೃತ್ವ' ಅನ್ನುವುದನ್ನು ಹಗುರವಾಗಿ ತಗೊಳ್ಳಬೇಡಿ. ಸಂಘ ಶುರುವಾದಾಗ ಆಡಳಿತ ಮಂಡಳಿಯಲ್ಲಿ ಅಲ್ಲಿನವರಿಗೆ ಇಟ್ಟಿದ್ದು ಬೆರಳೆಣಿಕೆಯ ಸ್ಥಾನ. ನಿಮ್ಮಲ್ಲಿ ಇಲ್ಲೇ ವಾಸ ಇರುವವರು ಎಷ್ಟು ಜನ ಅಂತ ತುಂಬಿದ ಸಭೆಯಲ್ಲೇ ನಿವಾಸಿಗಳು ಎದ್ದು ಕೇಳಿದರು. ಆ ಗದ್ದಲ ಆದಮೇಲೆ ನಿವಾಸಿಗಳಿಗೆ ಬಹುಮತ ಬಂತು, ಕಪ್ಪು ಜನರು, ಲ್ಯಾಟಿನೋಗಳು, ಕೇಪ್ ವರ್ಡ್ ಮೂಲದವರು, ಬಿಳಿಯರು, ನಾಲ್ಕೂ ಗುಂಪಿಗೆ ಸಮ ಸ್ಥಾನ. ಹಾಗಾಗಿ 'ಸಹಭಾಗಿತ್ವ' ಅಂತೆಲ್ಲ ಹಾಕಿಬಿಡಬೇಡಿ.

ಕೋಲಾರದವನು ಬರೆದದ್ದು:

'ಜನಾಂಗೀಯ' ಬೇಡವೇ ಬೇಡ. ನಮ್ಮಲ್ಲಿ ಜನಾಂಗ ಅಂದರೆ ಜಾತಿ. ಮದುವೆ ಜಾಹೀರಾತು ನೋಡಿ, 'ನಮ್ಮ ಜನಾಂಗದ ವಧು ಬೇಕಾಗಿದೆ'. ಹಿಂದುಳಿದ ಜನಾಂಗ ಅನ್ನುತ್ತೇವೆ. 'ವರ್ಣೀಯ' ಅಂದರೆ ಚಾತುರ್ವರ್ಣ್ಯ ಹತ್ತಿಕೊಂಡು ಬರುತ್ತದೆ. ಸುಮ್ನೆ 'ಕಪ್ಪು ಬಿಳಿ' ಅನ್ನಿ, ಮಗುವಿಗೂ ತಿಳಿಯುತ್ತದೆ.

ಧಾರವಾಡದವರು ಬರೆದದ್ದು:

ಇದು ಒಪ್ಪುವ ಮಾತು. 'ಊರವರು' ಮಾತ್ರ ಸರಿಯಿಲ್ಲ, ಬಾಸ್ಟನ್ ಊರಿನವರೆಲ್ಲ ಸೇರಿ ಮಾಡಿದ್ದಲ್ಲ ಅದು. ನಮ್ಮ ಕಡೆ ಆದರೆ 'ಓಣಿಯವರು' ಅನ್ನುತ್ತಿದ್ದೆವು. ದಕ್ಷಿಣದವರಿಗೆ ಓಣಿ ಅಂದರೆ ಇಕ್ಕಟ್ಟು ಸಂದಿ ಮಾತ್ರ, ಹಾಗಾಗಿ 'ಕೇರಿಯವರು' ಅಂದರೆ ಹೇಗೆ?

ಕೋಲಾರದವನು ಬರೆದದ್ದು:

ಊರು ಬೇರೆ, ಕೇರಿ ಬೇರೆ. ಕೇರಿ ಅಂದರೆ ಯಾರ ಮನೆಗಳು ಅಂತ ನನಗೆ ಗೊತ್ತು, ನಿಮಗೂ ಗೊತ್ತು. ರಾಕ್ಸ್‌ಬರಿಗೆ ಅದು ಹೊಂದುತ್ತದೆ, ಸುಳ್ಳಲ್ಲ, ಸಾಲ ಕೊಡಬಾರದು ಅಂತ ಗೆರೆ ಎಳೆದ ಜಾಗ ಅಂದರೆ ಕೇರಿಯೇ. ಆದರೆ ಆ ಪದವನ್ನು ನಾವು ಹೇಳಿಕೊಳ್ಳುವುದು ಒಂದು, ಪತ್ರಿಕೆಯವರು ದಪ್ಪ ಅಕ್ಷರದಲ್ಲಿ ಬೇರೆಯವರ ಹಣೆಗೆ ಹಚ್ಚುವುದು ಇನ್ನೊಂದು.

ಶಿವಮೊಗ್ಗ ಮೇಷ್ಟ್ರು ಬರೆದದ್ದು:

ಕೇರಿ ಅಂದರೆ ಬೀದಿ, ಅಷ್ಟೇ. ಹಳಗನ್ನಡದಿಂದ ಹಾಗೇ ಇದೆ.

ಕೋಲಾರದವನು ಬರೆದದ್ದು:

ಹಳಗನ್ನಡದಲ್ಲಿ ಯಾರೂ ವಾಸ ಇಲ್ಲ, ಮೇಷ್ಟ್ರೇ.

ಉಡುಪಿ ವಕೀಲ ಬರೆದದ್ದು:

ಲ್ಯಾಂಡ್ ಟ್ರಸ್ಟಿಗೆ ಕರಾವಳಿಯಲ್ಲಿ ಸಿದ್ಧ ಪದ ಇದೆ, ನೀವೆಲ್ಲ ಯಾಕೆ ಒದ್ದಾಡುತ್ತಿದ್ದೀರೋ ಕಾಣೆ. ಮೂಲಗೇಣಿ. ನೆಲ ಒಬ್ಬರದು, ಅನುಭೋಗ ಇನ್ನೊಬ್ಬರದು, ಗೇಣಿ ಕೊಡುತ್ತಿರುವವರೆಗೆ ಒಕ್ಕಲೆಬ್ಬಿಸುವಂತಿಲ್ಲ, ಹಕ್ಕು ಮಕ್ಕಳು ಮೊಮ್ಮಕ್ಕಳಿಗೆ ಹೋಗುತ್ತದೆ. ಉಡುಪಿ ಮಂಗಳೂರಿನ ಪೇಟೆ ಮನೆಗಳ ದಾಖಲೆಯಲ್ಲಿ ಇವತ್ತಿಗೂ ಸಿಗುತ್ತದೆ. ಇದಕ್ಕಿಂತ ಹತ್ತಿರದ ಪದ ಬೇಕೇ?

ಧಾರವಾಡದವರು ಬರೆದದ್ದು:

ಗೇಣಿ ಅಂದ ಕೂಡಲೇ ಧಣಿ ಬರುತ್ತಾನೆ. 1974ರಲ್ಲಿ ಉಳುವವನೇ ಹೊಲದೊಡೆಯ ಅಂತ ಗೇಣಿ ಪದ್ಧತಿಯನ್ನೇ ತೆಗೆದ ರಾಜ್ಯ ನಮ್ಮದು, ಈಗ ಅದೇ ಪದವನ್ನು ಒಳ್ಳೆ ಅರ್ಥದಲ್ಲಿ ಓದಿ ಅಂದರೆ ಯಾರು ಓದುತ್ತಾರೆ? ಬೇಕಿದ್ದರೆ ಗ್ರಾಮದಾನದ ಕಡೆ ನೋಡಿ. ಅಮೆರಿಕದ ಮೊದಲ ಲ್ಯಾಂಡ್ ಟ್ರಸ್ಟ್ ಅಂತ ಹೇಳುವ ನ್ಯೂ ಕಮ್ಯುನಿಟೀಸ್, 1969ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಕಪ್ಪು ರೈತರಿಗಾಗಿ ಕಟ್ಟಿದ್ದು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ರಾಬರ್ಟ್ ಸ್ವಾನ್ ವಿನೋಬಾ ಅವರ ಗ್ರಾಮದಾನದಿಂದ ಸ್ಫೂರ್ತಿ ಪಡೆದವರು. ನೆಲ ಊರಿಗೆ ಸೇರಿದ್ದು, ಯಾರೂ ಮಾರುವಂತಿಲ್ಲ ಅನ್ನುವ ವಿಚಾರ ಇಲ್ಲಿಂದಲೇ ಹೋಗಿದೆ.

ಅದಿರಲಿ, ನನಗೊಂದು ಅನುಮಾನ. ಟ್ರಸ್ಟಿನ ಮನೆಯನ್ನು ಸಿಕ್ಕ ಬೆಲೆಗೆ ಮಾರುವಂತಿಲ್ಲ, ಮಿತಿ ಇರುತ್ತದೆ. ಹಾಗಿದ್ದರೆ ಕುಟುಂಬದ ಆಸ್ತಿ ಬೆಳೆಯುವುದೆಲ್ಲಿಂದ?

ಬಾಸ್ಟನ್ ಹತ್ತಿರದವನು ಬರೆದದ್ದು:

ಒಳ್ಳೆ ಪ್ರಶ್ನೆ, ಇಲ್ಲೂ ಕೇಳುತ್ತಾರೆ. ಮಾರುಕಟ್ಟೆ ಬೆಲೆ ಏರಿದಷ್ಟೂ ಲಾಭ ಸಿಗುವುದಿಲ್ಲ, ನಿಜ. ತೀರಿಸಿದ ಸಾಲದ ಅಸಲು ಅವರದೇ, ಏರಿದ್ದರಲ್ಲಿ ಒಂದು ಪಾಲು ಸಿಗುತ್ತದೆ, ಬಾಡಿಗೆ ಏರುವ ಭಯ ಇಲ್ಲ. 2008ರ ಸುಮಾರಿಗೆ ಬ್ಯಾಂಕುಗಳು ಸಾಲುಸಾಲಾಗಿ ಮನೆ ಜಪ್ತಿ ಮಾಡಿದಾಗ ಟ್ರಸ್ಟಿನ ಮನೆಗಳು ಬಹುಪಾಲು ಉಳಿದುಕೊಂಡವು. ಆದರೂ ಎರಡೂವರೆ ಲಕ್ಷಕ್ಕೂ ಎಂಟಕ್ಕೂ ಇರುವ ಅಂತರ ಇಷ್ಟರಿಂದ ಹೋಗುವುದಿಲ್ಲ. 'ತಗ್ಗಿಸಲು' ಅನ್ನಿ, 'ತಗ್ಗಿಸಿತು' ಅನ್ನಬೇಡಿ. ಪದಕ್ಕಿಂತ ಕಾಲ ಮುಖ್ಯ ಇಲ್ಲಿ.

ಅಚ್ಚಗನ್ನಡ ಬರೆದದ್ದು:

ಕೊನೆಗೆ ಟ್ರಸ್ಟ್ ಟ್ರಸ್ಟ್ ಅಂತಲೇ ಎಲ್ಲರೂ ಬರೆಯುತ್ತಿದ್ದೀರಿ. ಒಂದು ಪದ ಕಟ್ಟುವ ಕಸುವಿಲ್ಲ ನಮಗೆ.

ಧಾರವಾಡದವರು ಬರೆದದ್ದು:

ಬೀದಿಗೊಂದು ದೇವಸ್ಥಾನದ ಟ್ರಸ್ಟ್ ಇದೆ, ಶಾಲೆಗೊಂದು ಟ್ರಸ್ಟ್ ಇದೆ. ಜನ ಕಟ್ಟಿಯಾಗಿದೆ, ನಿಮ್ಮನ್ನು ಕೇಳಲಿಲ್ಲ ಅಷ್ಟೇ. ಜಮೀನು ಪಾರಸಿ, ಕಾಯಿದೆ ಅರಬ್ಬಿ, ಅವನ್ನೂ ವಾಪಸ್ ಕಳಿಸೋಣವಾ? ವಾಪಸ್ ಕೂಡ ಪಾರಸಿ.

ಅಚ್ಚಗನ್ನಡ ಬರೆದದ್ದು:

ಹಳೇ ಸಾಲ ಇದೆ ಅಂತ ಹೊಸ ಸಾಲ ಮಾಡಬೇಕಾ? ತಮಿಳರನ್ನು ನೋಡಿ ಕಲಿಯಿರಿ.

ಶಿವಮೊಗ್ಗ ಮೇಷ್ಟ್ರು ಬರೆದದ್ದು:

ತಮಿಳರ ವಿಷಯ ಶುರುವಾಯಿತು. ನಾನು ಮಲಗುತ್ತೇನೆ.

ಅನುವಾದಕಿ ಬರೆದದ್ದು:

ಎಲ್ಲರಿಗೂ ವಂದನೆ. ಸಂಪಾದಕರಿಗೆ ಇದನ್ನು ಕಳಿಸಿದೆ: "ನೆಲ ಎಲ್ಲರದು, ಮನೆ ಅವರವರದು: ಕಪ್ಪು ಬಿಳಿ ಆಸ್ತಿ ಅಂತರ ತಗ್ಗಿಸಲು ರಾಕ್ಸ್‌ಬರಿ ಜನರೇ ಹಿಡಿದ ದಾರಿ". ಕೇರಿ ಹಾಕಲಿಲ್ಲ, ಕೋಲಾರದವರ ಮಾತು ಸರಿ ಅನ್ನಿಸಿತು. ಒಳಗೆ ಲ್ಯಾಂಡ್ ಟ್ರಸ್ಟ್ ಅಂತಲೇ ಇದೆ, ಪಕ್ಕದಲ್ಲಿ ಒಂದು ಸಾಲಿನ ವಿವರಣೆ.

ಉಡುಪಿ ವಕೀಲ ಬರೆದದ್ದು:

ಆ ಒಂದು ಸಾಲಿನ ಬದಲು ಒಂದೇ ಪದ ಸಾಕಿತ್ತು. ಮೂಲಗೇಣಿ, ಚಾಲಗೇಣಿ, ವಾಯಿದೆಗೇಣಿ ಬಗ್ಗೆ ಬೇರೆಯೇ ಓಲೆ ಬರೆಯುತ್ತೇನೆ, ಆಸಕ್ತಿ ಇದ್ದವರು ಅಲ್ಲಿ ಬನ್ನಿ.