ಸಹಾಯ ಬೇಕು: ಕಾಲೇಜು ಕಿರುಚಿತ್ರದ ಟ್ರೇಲರ್, ಪೋಸ್ಟರ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಕಡೆಯ ವಿದ್ಯಾರ್ಥಿಗಳು. ಕೋರ್ಸಿನ ಪ್ರಾಜೆಕ್ಟಿಗೆ 18 ನಿಮಿಷದ ಕಿರುಚಿತ್ರ ಮಾಡಿದ್ದೇವೆ. ರಾತ್ರಿ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರ ಮಾತಿನಲ್ಲೇ ಹಳೆಯ ಕಳ್ಳತನವೊಂದು ಬಯಲಾಗುವ ಕತೆ.

ಟ್ರೇಲರ್ ಈಗ ಎರಡು ನಿಮಿಷ ಇದೆ. ಇಷ್ಟು ಚಿಕ್ಕ ಚಿತ್ರಕ್ಕೆ 45 ಸೆಕೆಂಡ್ ಸಾಕು ಅಲ್ವಾ? ನಮ್ಮ ಎಡಿಟರ್ ಒಪ್ಪುತ್ತಿಲ್ಲ. ಕಳ್ಳನ ಸುಳಿವು ಕೊಡುವ ಸೀನು ತೆಗೆಯಲೂ ಅವನಿಗೆ ಮನಸ್ಸಿಲ್ಲ. ನನಗಂತೂ ಕತ್ತಲಲ್ಲಿ ಸಿಪ್ಪೆ ಸೀಳುವ ಸದ್ದು, ಯಾರೋ ಒಂದು ಹೆಸರು ಹೇಳುತ್ತಿದ್ದಂತೆ ಎಲ್ಲರ ಕೈ ತಟ್ಟನೆ ನಿಲ್ಲುವುದು, ಇಷ್ಟರಿಂದಲೇ ಶುರು ಮಾಡುವ ಆಸೆ. ನೀವೇನಂತೀರಿ?

ರೀಲ್ಸ್‌ಗೆ 9:16 ಬೇಕು. ಅಡ್ಡಕ್ಕೆ ಶೂಟ್ ಮಾಡಿದ್ದನ್ನು ಉದ್ದಕ್ಕೆ ಕತ್ತರಿಸಿದರೆ ಸಾಲಾಗಿ ಕೂತವರಲ್ಲಿ ಅರ್ಧ ಜನ ಮಾಯ! ಮೇಲೆ ಕೆಳಗೆ ಕಪ್ಪು ಬಿಟ್ಟು, ಅಲ್ಲಿ ಚಿತ್ರದ ಹೆಸರು ಹಾಕಿದರೆ ಹೇಗೆ?

ಪೋಸ್ಟರ್ ಎ3 ಅಳತೆಯದು. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆಯುತ್ತಿತ್ತು, ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿದ ಮೇಲೆ ಸರಿಹೋಯಿತು. ಆದರೂ ಶೀರ್ಷಿಕೆಗೆ ಕೈಬರಹವೇ ಚೆಂದ. ಬರೆದುಕೊಡುವವರು ಯಾರಾದರೂ ಇದ್ದೀರಾ? ದುಡ್ಡು ಜಾಸ್ತಿ ಇಲ್ಲ. ಪೋಸ್ಟರ್‌ನಲ್ಲಿ ಹೆಸರು ಖಂಡಿತ ಹಾಕುತ್ತೇವೆ.

ಇನ್ನು ಸಂಗೀತ. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್‌ನಲ್ಲಿ ಕಾಪಿರೈಟ್ ತಕರಾರು ಬರುತ್ತೆ. ಸುಮ್ನೆ ಜೀರುಂಡೆ ಸದ್ದು ಬಿಟ್ಟರೆ ಸಾಕಾ, ಅಥವಾ ಯಾರಾದರೂ ಒಂದು ತುಣುಕು ನುಡಿಸಿ ಕೊಡ್ತೀರಾ? ಟ್ರೇಲರ್ ನೋಡಿ ಅಭಿಪ್ರಾಯ ಹೇಳುವವರು ಮೆಸೇಜ್ ಮಾಡಿ, ಲಿಂಕ್ ಕಳಿಸುತ್ತೇನೆ.