ಸಹಾಯ ಬೇಕು: ಲಿನಕ್ಸ್ ಐಎಸ್‌ಒ ಕಡತ ಕೊಡಗಿನಲ್ಲಿ ಯಾರ ಬಳಿಯಾದರೂ ಇದೆಯೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸೋಮವಾರಪೇಟೆಯ ಹತ್ತಿರದ ಹಳ್ಳಿಯಲ್ಲಿದೆ. ಅಣ್ಣನ ಮಗಳಿಗೆ ಓದಲು ಒಂದು ಹಳೆಯ ಲ್ಯಾಪ್‌ಟಾಪ್ ಸಿಕ್ಕಿದೆ. 4 ಜಿಬಿ ರ್‍ಯಾಮ್. ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಲೋಟವನ್ನೂ ತೊಳೆದಿಡಬಹುದು. ಅದಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟು ಹಾಕಬೇಕೆಂದಿದ್ದೇನೆ. ಎರಡೂ ವಿಂಡೋಸ್ ಬದಲಿಗೆ ಹಾಕಬಹುದಾದ, ಹಳೆಯ ಯಂತ್ರಕ್ಕೆ ಹಗುರವಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗಳು.

ತೊಡಕಿರುವುದು ಡೌನ್‌ಲೋಡಿನಲ್ಲಿ. ಐಎಸ್‌ಒ, ಅಂದರೆ ಇಡೀ ವ್ಯವಸ್ಥೆಯನ್ನು ಹಾಕಲು ಬೇಕಾದ ಕಡತ, ಸುಮಾರು 3 ಜಿಬಿ. ಇಲ್ಲಿ ಮಳೆ ಹಿಡಿಯಿತೆಂದರೆ ಮೊದಲು ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಹಿಂದೆ ಉಬುಂಟು ಎಂಬ ಲಿನಕ್ಸ್‌ನ ಸಿಡಿಯನ್ನು ಅಂಚೆಯಲ್ಲಿ ಉಚಿತವಾಗಿ ಮನೆಗೇ ಕಳುಹಿಸುತ್ತಿದ್ದರು. ಆ ‘ಶಿಪ್‌ಇಟ್’ ಸೇವೆ 2011ರಲ್ಲೇ ನಿಂತುಹೋಯಿತು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ ನೆಟ್‌ಇನ್‌ಸ್ಟ್ ಕಡತ ಚಿಕ್ಕದು ನಿಜ, ಆದರೆ ಉಳಿದದ್ದನ್ನೆಲ್ಲ ಅದು ಇಂಟರ್‌ನೆಟ್‌ನಿಂದಲೇ ಎಳೆದುಕೊಳ್ಳುತ್ತದೆ. ನಮ್ಮಂಥವರಿಗೆ ಅದರಿಂದ ಏನು ಬಂತು?

ಮಡಿಕೇರಿ, ಕುಶಾಲನಗರದ ಕಡೆ ಯಾರ ಬಳಿಯಾದರೂ ಐಎಸ್‌ಒ ಇದ್ದರೆ ದಯವಿಟ್ಟು ತಿಳಿಸಿ, 8 ಜಿಬಿ ಪೆನ್‌ಡ್ರೈವ್ ನಾನೇ ತರುತ್ತೇನೆ. ಕದ್ದ ಮಾಲೇನೂ ಅಲ್ಲ, ನಕಲು ಮಾಡಿ ಹಂಚಲು ಪರವಾನಗಿಯೇ ಅವಕಾಶ ಕೊಡುತ್ತದೆ. ಸುಮ್ಮನೆ ಕಾಪಿ ಮಾಡಿದರೆ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಬೂಟ್ ಆಗುವುದಿಲ್ಲವಾದ್ದರಿಂದ (ಶುರುವಾಗುವುದಿಲ್ಲವಾದ್ದರಿಂದ) ರೂಫಸ್ ಅಥವಾ ಬಲೇನಾ ಎಚರ್ ಎಂಬ ತಂತ್ರಾಂಶದಲ್ಲಿ ಬರೆದುಕೊಟ್ಟರೆ ಇನ್ನೂ ಉಪಕಾರ. ಕಾಲೇಜಿನ ಲ್ಯಾಬ್‌ನಲ್ಲಿ ಕೆಲಸ ಮಾಡುವವರು ಈ ಗುಂಪಿನಲ್ಲಿದ್ದರೆ ಅವರನ್ನೇ ಮೊದಲು ಕೇಳುತ್ತಿದ್ದೇನೆ.

ಇನ್ನೊಂದು ವಿಷಯ: ಈ ಲ್ಯಾಪ್‌ಟಾಪಿನ ವೈಫೈ ಚಿಪ್ ಬ್ರಾಡ್‌ಕಾಮ್‌ನದು. ಅದರ ಡ್ರೈವರನ್ನು (ಚಿಪ್ ಕೆಲಸ ಮಾಡಲು ಬೇಕಾದ ತಂತ್ರಾಂಶವನ್ನು) ಲಿನಕ್ಸ್‌ನಲ್ಲಿ ಇಂಟರ್‌ನೆಟ್ ಇಲ್ಲದೆ ಹಾಕಿದವರಿದ್ದರೆ, ಹೇಗೆಂದು ಬರೆಯಿರಿ.