ಹೊಗೆ, ಒಲೆ, ಉಸಿರು: ಶ್ವಾಸಕೋಶದ ಡಾಕ್ಟರ್ ಜೊತೆ ಪ್ರಶ್ನೋತ್ತರ

ಶಿರಸಿ: ನಮಸ್ಕಾರ ಮೇಡಂ. ಬಚ್ಚಲ ಒಲೆಗೆ ಹಸಿ ಕಟ್ಟಿಗೆ ಹಾಕಿದ ದಿನ ಕಣ್ಣುರಿ, ಕೆಮ್ಮು. ಒಣ ಕಟ್ಟಿಗೆಗೆ ಅಷ್ಟಿಲ್ಲ. ಯಾಕೆ?

ಡಾಕ್ಟರ್: ನಮಸ್ಕಾರ. ಹಸಿ ಕಟ್ಟಿಗೆಯ ನೀರು ಆವಿ ಮಾಡುವುದಕ್ಕೇ ಬೆಂಕಿಯ ಕಾವು ಹೋಗುತ್ತದೆ. ಕಟ್ಟಿಗೆ ಪೂರ್ತಿ ಉರಿಯುವುದಿಲ್ಲ, ಉಳಿದದ್ದು ಹೊಗೆಯಾಗುತ್ತದೆ. ಅದರಲ್ಲಿ 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಸಣ್ಣ ಕಣಗಳು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತುದಿ ಮುಟ್ಟುತ್ತವೆ. ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಒಣಗಿಸಿಡಿ, ಚಿಮಣಿ ಇಡಿಸಿ.

ಹುಬ್ಬಳ್ಳಿ: ಬೆಲ್ಲ ತಿಂದರೆ ಶ್ವಾಸಕೋಶದ ಧೂಳು ಹೋಗುತ್ತದಂತೆ, ಫಾರ್ವರ್ಡ್ ಬಂದಿದೆ.

ಡಾಕ್ಟರ್: ಇಲ್ಲ. ಬೆಲ್ಲ ಹೊಟ್ಟೆಗೆ ಹೋಗುತ್ತದೆ.

ಹಾವೇರಿ: ಮೇಡಂ, ತಂಗಿ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಕೂಸಿಗೆ 18 ದಿನ. ಥಂಡಿ ಅಂತ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, ಮಂಚದ ಕೆಳಗೆ ಕೆಂಡ ಇಡುತ್ತೇವೆ. ಹೊಗೆ ಚೂರೂ ಇಲ್ಲ. ಆದರೆ ಬೆಳಿಗ್ಗೆ ಅವಳಿಗೆ ತಲೆನೋವು, ವಾಂತಿ. ದೃಷ್ಟಿನೂ ತೆಗೆದೆವು. ರಕ್ತ ಕಮ್ಮಿ ಇರಬಹುದಾ?

ಡಾಕ್ಟರ್: ಮೊದಲು ಬಾಗಿಲು ಕಿಟಕಿ ತೆಗೆಯಿರಿ. ತಾಯಿ ಮಗುವನ್ನು ಹೊರಗೆ ಕರೆತನ್ನಿ. 108ಕ್ಕೆ ಫೋನ್ ಮಾಡಿ. ಆಮೇಲೆ ಮುಂದೆ ಓದಿ.

ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣೂ ಉರಿಯುವುದಿಲ್ಲ. ಹೊಗೆ ಇಲ್ಲ ಅಂತ ಧೈರ್ಯ ಬೇಡ. ಇದು ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಬೇಡಿ. ಅಂಟಿದ್ದು ಆಮ್ಲಜನಕವೋ ಈ ಅನಿಲವೋ ಅಂತ ಅದಕ್ಕೆ ತಿಳಿಯದು, 98 ಅಂತಲೇ ತೋರಿಸಬಹುದು. ಆಸ್ಪತ್ರೆಯಲ್ಲಿ 'ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು' ಅಂತ ಬಾಯಿಬಿಟ್ಟು ಹೇಳಿ. ಹೊರಗೆ ಬಂದಾಗ ತಲೆನೋವು ಇಳಿಯುತ್ತಿತ್ತಾ? ಕೂಸು ಹಾಲು ಕುಡಿಯುತ್ತಿದೆಯಾ? ಆ ಕೋಣೆಯಲ್ಲಿ ಇನ್ಯಾರು ಮಲಗುತ್ತಾರೆ?

ದಾವಣಗೆರೆ: ನಮ್ಮಮ್ಮ ಏಳು ಹೆತ್ತರು. ಏಳು ಬಾಣಂತನಕ್ಕೂ ಕೆಂಡ ಇತ್ತು. ಏನಾಯ್ತು?

ಮೈಸೂರು: ಆಗ ಹೆಂಚಿನ ಮನೆ ಸರ್, ಸಂದಿಯಲ್ಲೆಲ್ಲ ಗಾಳಿ ಆಡುತ್ತಿತ್ತು. ಈಗ ಆರ್‌ಸಿಸಿ.

ದಾವಣಗೆರೆ: ರಸ್ತೆ ತುಂಬ ಡೀಸೆಲ್ ಹೊಗೆ, ಅದನ್ನು ಕೇಳಿ. ನಮ್ಮ ಪದ್ಧತಿ ಮೇಲೇ ನಿಮ್ಮ ಕಣ್ಣು.

ಮೈಸೂರು: 2020ರಲ್ಲಿ ವಾಹನದ ಹೊಗೆಗೆ ಬಿಎಸ್-6 ನಿಯಮ ಬಂತು. ಡೀಸೆಲ್‌ನ ಗಂಧಕ ಕಿಲೋಗೆ 50 ಮಿಲಿಗ್ರಾಂನಿಂದ 10ಕ್ಕೆ ಇಳಿಯಿತು. ಕೋಣೆಯೊಳಗಿನ ಕೆಂಡವನ್ನು ಯಾರು ಅಳೆಯುತ್ತಾರೆ?

ದಾವಣಗೆರೆ: ನನಗೆ ಪಾಠ ಹೇಳಬೇಡ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಹಾವೇರಿಯವರೇ, ಎಲ್ಲಿದ್ದೀರಿ?

ತುಮಕೂರು: ಎನ್-95 ಮಾಸ್ಕ್ ಹಾಕಿಕೊಂಡು ಒಲೆ ಮುಂದೆ ಕೂರಬಹುದಾ?

ಬೆಂಗಳೂರು: ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇದೆ. ಕಿಟಕಿ ಚಿಕ್ಕದು. ತೊಂದರೆನಾ?

ಡಾಕ್ಟರ್: ಹೌದು. ಅದರಿಂದಲೂ ಅದೇ ಕಾರ್ಬನ್ ಮೊನಾಕ್ಸೈಡ್. ಗೀಸರ್ ಹೊರಗೆ ಹಾಕಿಸಿ.

ಗದಗ: ಬೆಲ್ಲ ಒಳ್ಳೇದಂತಲ್ಲ ಮೇಡಂ?

ಡಾಕ್ಟರ್: ಮೇಲೆ ಓದಿ.

ದಾವಣಗೆರೆ: (ಫಾರ್ವರ್ಡ್) ಬೆರಣಿ ಮೇಲೆ ತುಪ್ಪ ಸುಟ್ಟರೆ ಆಮ್ಲಜನಕ ಹುಟ್ಟುತ್ತದೆ.

ಡಾಕ್ಟರ್: ಸುಳ್ಳು. ಬೆಂಕಿ ಆಮ್ಲಜನಕ ತಿನ್ನುತ್ತದೆ, ಕೊಡುವುದಿಲ್ಲ. ಇದನ್ನು ನಂಬಿ ಯಾರಾದರೂ ಕೂಸಿನ ಪಕ್ಕ ಸುಟ್ಟರೆ? ಅಳಿಸಿ. ಎರಡನೇ ಸಲ ಹೇಳುವುದಿಲ್ಲ.

ಹಾವೇರಿ: ಆಸ್ಪತ್ರೆಯಲ್ಲಿದ್ದೇವೆ ಮೇಡಂ. ಇಬ್ಬರಿಗೂ ಆಕ್ಸಿಜನ್ ಹಾಕಿದ್ದಾರೆ. ಕೂಸು ಹಾಲು ಕುಡೀತು. ಜೊತೆಗೆ ಮಲಗ್ತಿದ್ದ ಅವ್ವಗೂ ತಲೆ ಸಿಡೀತಿತ್ತಂತೆ. ಈಗ ಹೇಳ್ತಾಳೆ.

ಡಾಕ್ಟರ್: ಅವ್ವನನ್ನೂ ಈಗಲೇ ತೋರಿಸಿ.